ಯಾನ್ ಜಾಹ್ರಾದ್ನಿಚೆಕ್

ಇವತ್ತಿಡೀ ಜೆಕ್ ಕವಿ ಯಾನ್ ಜಾಹ್ರಾದ್ನಿಚೆಕ್ ಮನಸ್ಸಿನಿಂದ ಕದಲುತ್ತಿಲ್ಲ. ಗಾಢ ಕ್ಯಾಥೊಲಿಕ್ ಶ್ರದ್ಧೆಯ ಕವಿ. 1951ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂಧಿಸಿತು. ಮರುವರ್ಷ ಬ್ರ್ನೋ ನಗರದಲ್ಲಿ ವಿಚಾರಣೆಯ ಹೆಸರಿನ ನಾಟಕ ನಡೆದು ಹದಿಮೂರು ವರ್ಷಗಳ ಸೆರೆವಾಸ.

1956ರಲ್ಲಿ ವಿಷದ ಅಣಬೆ ತಿಂದು ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡರು. ಅಂತ್ಯಕ್ರಿಯೆಗೆಂದು ಹೊರಗೆ ಬಿಟ್ಟರು. ಮಣ್ಣು ಮಾಡಿ ಬಂದ ಆ ತಂದೆಯನ್ನು ಮತ್ತೆ ಜೈಲಿಗೇ ಕರೆಸಿಕೊಂಡರು! ಇದನ್ನು ಓದಿದಾಗ ನನಗೆ ಮುಂದಿನ ಸಾಲಿಗೆ ಹೋಗಲಾಗಲಿಲ್ಲ. ಕವಿತೆಗೆ ಹೆದರುವ ಪ್ರಭುತ್ವ ಎಷ್ಟು ಕ್ರೂರವಾಗಬಲ್ಲದು.

1960ರ ಕ್ಷಮಾದಾನದಲ್ಲಿ ಬಿಡುಗಡೆಯಾಯಿತು. ಅಷ್ಟರಲ್ಲಿ ದೇಹ ಸೋತಿತ್ತು, ಅದೇ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಸೆರೆಯಲ್ಲಿ ಕಟ್ಟಿದ ಕವಿತೆಗಳು ಪುಸ್ತಕವಾದದ್ದು ಅವರು ಹೋಗಿ ಎಷ್ಟೋ ವರ್ಷಗಳ ಮೇಲೆ. ಅವನ್ನು ಯಾರಾದರೂ ಕನ್ನಡಕ್ಕೆ ತರಬೇಕೆಂಬುದು ನನ್ನ ದೊಡ್ಡ ಆಸೆ.