ಗಣ ಎತ್ತುವ ಮೊದಲು
ಅಕ್ಟೋಬರ್ 6, 2024, ರವಿವಾರ

ಶುಕ್ರವಾರ ಖಂಡೇಪೂಜೆ, ಅಂದರೆ ಆಯುಧಪೂಜೆ. ಓಣಿಯ ಟ್ರ್ಯಾಕ್ಟರ್‌ಗಳೆಲ್ಲ ಮೈ ತೊಳೆಸಿಕೊಳ್ಳುತ್ತಿವೆ. ಮಾವನ ಜೋಡಿ ಟ್ರೇಲರ್ ಮಾತ್ರ ಕಬ್ಬು ಸಾಗಿಸಿ ಬಂದು ಹೇಗೆ ನಿಂತಿತ್ತೋ ಹಾಗೇ, ಒಂದರ ಬಾಲಕ್ಕೆ ಇನ್ನೊಂದು ಸಿಕ್ಕಿಕೊಂಡು ಮಳೆಗಾಲವಿಡೀ ಹಿತ್ತಲಲ್ಲಿ ನೆನೆದಿದೆ. ಎರಡನ್ನೂ ಜೋಡಿಸುವ ನಡುವಿನ ಪಿನ್ನು ಮೇಲಕ್ಕೂ ಬರುತ್ತಿಲ್ಲ, ತಿರುಗುತ್ತಲೂ ಇಲ್ಲ. ಸಂಜೆ ಮಾವ ಗಣ, ಅಂದರೆ ದೊಡ್ಡ ಸುತ್ತಿಗೆ, ಹೆಗಲಿಗೇರಿಸಿಕೊಂಡು ಹೊರಟಿದ್ದ.

“ನಾಕ್ ಏಟು ಬಿದ್ರ ತಾನ ಬರ್ತೈತಿ.”

ಬರುವುದಿಲ್ಲ. ಕೆಳಗಿನಿಂದ ಗಣದಲ್ಲಿ ಗುದ್ದಿದರೆ ಪಿನ್ನಿನ ತುದಿ ಅಣಬೆಯ ಹಾಗೆ ಅಗಲವಾಗುತ್ತದೆ. ಆಮೇಲೆ ತುಕ್ಕು ಬಿಟ್ಟರೂ ಆ ತುದಿ ತೂತಿನಲ್ಲಿ ತೂರುವುದಿಲ್ಲ, ಗ್ರೈಂಡರ್ ಹಿಡಿದು ಅಂಚು ಸವೆಸಬೇಕು. ಗಣ ಬೇಕೇ ಬೇಕು, ಆದರೆ ಕೊನೆಗೆ. ಅದೂ ಪಿನ್ನಿಗೆ ನೇರವಾಗಿ ಅಲ್ಲ.

ಮೊದಲು ನೋಡಬೇಕಾದ್ದು, ಪಿನ್ನು ಹಿಡಿದುಕೊಂಡಿರುವುದು ತುಕ್ಕಿಗೋ ಭಾರಕ್ಕೋ ಎಂದು. ಹಿಂದಿನ ಟ್ರೇಲರ್ ಇಳಿಜಾರಿನಲ್ಲಿ ನಿಂತು ಜಗ್ಗುತ್ತಿದ್ದರೆ ಹೊಚ್ಚ ಹೊಸ ಪಿನ್ನೂ ಅಲುಗುವುದಿಲ್ಲ. ಹಿಂದಿನದರ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಅದರ ಮೂಕಿಯ (ಮುಂದಕ್ಕೆ ಚಾಚಿದ ಎಳೆಯುವ ದಂಡದ) ಕೆಳಗೆ ಜಾಕ್ ಇಟ್ಟು, ಮೂಕಿಯ ತುದಿಯ ಕಣ್ಣನ್ನು, ಅಂದರೆ ಪಿನ್ನು ತೂರುವ ಬಳೆಯನ್ನು, ಮುಂದಿನ ಟ್ರೇಲರ್‌ನ ಹುಕ್ಕಿನ ಎರಡು ಪಟ್ಟಿಗಳ ನಡುಮಧ್ಯಕ್ಕೆ ತರಬೇಕು. ಮುಂದಿನದನ್ನು ಟ್ರ್ಯಾಕ್ಟರಿನಿಂದ ಒಂದು ಬೆರಳಿನಷ್ಟು ಹಿಂದೆ ಮುಂದೆ ಆಡಿಸಬೇಕು. ಎಷ್ಟೋ ಪಿನ್ನುಗಳು ಇಷ್ಟಕ್ಕೇ ಸಡಿಲಾಗುತ್ತವೆ. ಟ್ರ್ಯಾಕ್ಟರ್ ಆಡುವಾಗ ಎರಡು ಟ್ರೇಲರ್‌ಗಳ ನಡುವೆ ಯಾರೂ ನಿಲ್ಲಬಾರದು. ಇದನ್ನು ಹೇಳಿದರೆ ನಗುವವರೇ ಜಾಸ್ತಿ.

ಅದಕ್ಕೂ ಬಗ್ಗದಿದ್ದರೆ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡರಷ್ಟಕ್ಕೂ ಹೆಚ್ಚು ಜಾಗ ಕೇಳುತ್ತದೆ, ತೂತಿನೊಳಗೆ ಆ ಜಾಗವಿಲ್ಲ, ಹಾಗಾಗಿ ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ. ಪೊಟ್ಯಾಶ್ ಗೊಬ್ಬರ ಹೇರಿದ ಟ್ರೇಲರ್ ಆದರೆ ಕೇಳುವುದೇ ಬೇಡ. ಅದು ಉಪ್ಪಿನ ಜಾತಿಯದು, ಗಾಳಿಯ ನೀರನ್ನು ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ.

ಪಿನ್ನಿನ ಕೆಳಗಿನ ಲಾಕ್ ಕಡ್ಡಿ ತೆಗೆದು, ತಂತಿಯ ಬ್ರಷ್ಷಿನಿಂದ ಎರಡೂ ತುದಿ ಉಜ್ಜಿ, ಸಂದಿಯಲ್ಲಿ ಗಟ್ಟಿಯಾದ ಮಣ್ಣು, ರವದಿ (ಕಬ್ಬಿನ ಒಣ ಎಲೆ) ಎಲ್ಲ ಕೆರೆದು ತೆಗೆಯಬೇಕು. ಆಮೇಲೆ ತಲೆಯ ಸುತ್ತ ಎರೆಮಣ್ಣಿನಿಂದ ಒಂದು ಸಣ್ಣ ಕಟ್ಟೆ. ಎಣ್ಣೆ ಹೊರಗೆ ಹರಿಯದೆ ಅಲ್ಲೇ ನಿಂತು ಇಳಿಯಲಿ ಅಂತ. ಡಬ್ಬಿಯ ಸ್ಪ್ರೇ ಹೊಡೆದು ಐದು ನಿಮಿಷಕ್ಕೆ ಜಗ್ಗಲು ಶುರುಮಾಡುವುದು ದುಡ್ಡು ದಂಡ. ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ, ಅಸಿಟೋನ್ ಸಮಸಮ ಬೆರೆಸಿದರೆ ಚೆನ್ನಾಗಿ ಇಳಿಯುತ್ತದೆ. ಎರಡೂ ಬೇರೆಯಾಗಿ ನಿಲ್ಲುವುದರಿಂದ ಪ್ರತಿ ಸಲ ಕುಲುಕಿಯೇ ಹಾಕಬೇಕು. ಅದಿಲ್ಲದಿದ್ದರೆ ಡೀಸೆಲ್ಲೂ ಆಗುತ್ತದೆ, ನಿಧಾನ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ತುಂಬಬೇಕು.

ಈಗ ಒಂದು ಕೆಜಿ ಸುತ್ತಿಗೆ. ಹುಕ್ಕಿನ ಪಟ್ಟಿಯ ಒಂದು ಮಗ್ಗುಲಿಗೆ ಗಣವನ್ನು ಒತ್ತಿ ಹಿಡಿದು, ಎದುರು ಮಗ್ಗುಲಿಗೆ ಸಣ್ಣ, ಚುರುಕು ಏಟು. ಜೋರು ಬೇಡ. ಆ ನಡುಕಕ್ಕೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗೆ ಹೋಗುತ್ತದೆ. ಆಮೇಲೂ ಎತ್ತಲು ಹೋಗಬಾರದು, ತಿರುಗಿಸಬೇಕು. ಎರಡಡಿ ಪೈಪ್ ಪಾನಾ ತಲೆಗೆ ಹಾಕಿ ಕೂದಲೆಳೆಯಷ್ಟು ಆ ಕಡೆ, ಅಷ್ಟೇ ಈ ಕಡೆ. ಕೆಂಪು ಕೆಸರಿನಂಥ ಎಣ್ಣೆ ಸಂದಿಯಿಂದ ಉಕ್ಕಿತೆಂದರೆ ಕೆಲಸ ಗೆದ್ದ ಹಾಗೆ. ಮತ್ತೆ ಎಣ್ಣೆ, ಮತ್ತೆ ಆ ಕಡೆ ಈ ಕಡೆ. ಕಾಲು ಸುತ್ತು ತಿರುಗಿದ ಪಿನ್ನು ಹೊರಗೆ ಬಂದೇ ಬರುತ್ತದೆ. 30 ಮಿ.ಮೀ. ಪಿನ್ನಾದರೆ 27 ಮಿ.ಮೀ. ಮೆದು ಕಬ್ಬಿಣದ ತುಂಡನ್ನು ಪಿನ್ನಿನ ಕೆಳತುದಿಗೆ ಆನಿಸಿ, ಆ ತುಂಡಿಗೆ ಗಣದ ಏಟು. ಹಾಳಾದರೆ ಆ ತುಂಡು ಹಾಳಾಗಲಿ.

ಬೆಂಕಿಯ ಮಾತು ಬಂದಾಗ ಮಾವ ತಡೆದ. “ಕಾಸಿದ್ರ ಕಬ್ಬಿಣ ಉಬ್ಬತೈತಿ. ತೂತು ಸಣ್ಣ ಆಗೂದಿಲ್ಲೇನು?”

ಎಲ್ಲರೂ ಕೇಳುವ ಪ್ರಶ್ನೆ. ಚಕ್ಕಡಿ ಗಾಲಿಗೆ ಪಟ್ಟಿ ಏರಿಸುವುದು ಹೇಗೆ ಅಂದೆ. ಕಾಸಿದ ಪಟ್ಟಿ ದೊಡ್ಡದಾಗಿಯೇ ಗಾಲಿಯ ಮೇಲೆ ಕೂರುತ್ತದೆ, ಆರಿದ ಮೇಲೆ ಬಿಗಿಯುತ್ತದೆ. ಒಂದು ಗಳಿಗೆ ಸುಮ್ಮನಿದ್ದು “ಹೌದಲ್ಲ” ಅಂದ. 30 ಮಿ.ಮೀ. ತೂತಿನ ಸುತ್ತಲ ಉಕ್ಕು 300 ಡಿಗ್ರಿ ಬಿಸಿಯೇರಿದರೆ ತೂತು ಸುಮಾರು 0.1 ಮಿ.ಮೀ. ಹಿಗ್ಗುತ್ತದೆ. ಕೇಳಲು ಏನೂ ಅಲ್ಲ, ತುಕ್ಕಿನ ಹಿಡಿತ ಬಿಡಿಸಲು ಸಾಕು. ಆದರೆ ಕಾಸಬೇಕಾದ್ದು ಪಟ್ಟಿಯನ್ನು, ಪಿನ್ನನ್ನಲ್ಲ. ಪಿನ್ನು ಕಾಸಿದರೆ ಅದೇ ಉಬ್ಬಿ ಇನ್ನೂ ಬಿಗಿ. ಮೇಣದಬತ್ತಿಯ ಮೇಣವನ್ನು ಬಿಸಿ ಸಂದಿಗೆ ತಾಗಿಸಿದರೆ ಕರಗಿ ತಾನೇ ಒಳಗಿಳಿಯುತ್ತದೆ.

ಅಸಿಟೋನ್ ಹಾಕಿದ ಜಾಗಕ್ಕೆ ಗ್ಯಾಸ್ ಜ್ವಾಲೆ ತರುವವರಿದ್ದಾರೆ. ದೇವರೇ ಕಾಯಬೇಕು. ಒರೆಸಿ, ಆರಲು ಬಿಟ್ಟು, ಸುತ್ತಲಿನ ರವದಿ ಗುಡಿಸಿ, ಬಕೆಟ್ ನೀರು ಪಕ್ಕಕ್ಕಿಟ್ಟುಕೊಂಡೇ ಜ್ವಾಲೆ ಹಚ್ಚಬೇಕು. ಟೈರು, ಹೈಡ್ರಾಲಿಕ್ ಪೈಪು ಹತ್ತಿರವಿದ್ದರೆ ಬೆಂಕಿಯ ಗೊಡವೆಯೇ ಬೇಡ.

ಟ್ರ್ಯಾಕ್ಟರಿನ ಹಿಂದೆ ನೇಗಿಲಿನಂಥ ಸಲಕರಣೆಯನ್ನು ಮೇಲಿನಿಂದ ಹಿಡಿಯುವ ಟಾಪ್ ಲಿಂಕಿನದು ಬೇರೆ ಕಥೆ. ಅದರ ಒಂದು ತುದಿಗೆ ಬಲ ಮರೆ (ತಿರುಪಿನ ಸುತ್ತು), ಇನ್ನೊಂದಕ್ಕೆ ಎಡ ಮರೆ. ನಡುವಿನ ಕೊಳವೆ ತಿರುಗಿದರೆ ಎರಡೂ ಒಟ್ಟಿಗೆ ಹೊರಗೆ ಬರಬೇಕು. ಒಂದು ಬಿಟ್ಟು ಇನ್ನೊಂದು ಕಚ್ಚಿಕೊಂಡಿದ್ದರೆ ಒಂದೇ ಕಡೆ ಉದ್ದವಾಗುತ್ತಾ ಹೋಗಿ, ಮರೆ ಮುಗಿದು ಕೈಗೇ ಬರುತ್ತದೆ. ಬಿಟ್ಟಿರುವ ತುದಿಯನ್ನು ಪೂರಾ ಬಿಚ್ಚಿ, ಕಚ್ಚಿದ ತುದಿಯನ್ನು ಮೇಲೆ ಮಾಡಿ, ಎಣ್ಣೆ ಹಾಕಿ ನಿಲ್ಲಿಸಿಬಿಡುವುದೇ ಸುಲಭ.

ಪಿನ್ನು ಹೊರಬಂದ ಮೇಲೆ ಎಲ್ಲರೂ ಸಂತೋಷಪಟ್ಟು ಗ್ರೀಸ್ ಬಳಿದು ಅದನ್ನೇ ಹಾಕುತ್ತಾರೆ. ಅಲ್ಲೇ ಸಿಟ್ಟು ಬರುವುದು. ಒರೆಸಿ, ಕಣ್ಣು ಕೂರುವ ಜಾಗದಲ್ಲಿ ಕ್ಯಾಲಿಪರ್ ಇಟ್ಟು ನೋಡಬೇಕು. 30 ಇದ್ದದ್ದು 27ಕ್ಕೆ ಇಳಿದು ಸೊಂಟ ಮಾಡಿಕೊಂಡಿದ್ದರೆ ಅದು ಗುಜರಿಗೆ. ವೆಲ್ಡಿಂಗ್ ತುಂಬಿ ಕಡೆದು ಮತ್ತೆ ಹಾಕುವುದು ಬೇಡ, ಬೆಸುಗೆಯ ಅಂಚಿನಲ್ಲೇ ಬಿರುಕು ಹುಟ್ಟುವುದು. ಮನೆ ಕಟ್ಟುವ ಸರಳಿನ ತುಂಡನ್ನು ಪಿನ್ನು ಮಾಡುವವರಿಗಂತೂ ಏನು ಹೇಳೋಣ. ಹಿಂದೆ ಟನ್ನುಗಟ್ಟಲೆ ಕಬ್ಬು, ಮುಂದೆ ಸೇತುವೆಯ ಏರು, ಅದರ ಹಿಂದೆ ಬೈಕಿನಲ್ಲಿ ಯಾರದೋ ಮಕ್ಕಳು.

ಹಂಗಾಮು ಮುಗಿದಾಗ ಪಿನ್ನು ಬಿಚ್ಚಿ, ಗ್ರೀಸ್ ಬಟ್ಟೆ ಸುತ್ತಿ ಒಳಗೆ ತೂಗುಹಾಕಿದರೆ ಇಷ್ಟೆಲ್ಲ ಇಲ್ಲವೇ ಇಲ್ಲ. ಐದು ನಿಮಿಷದ ಕೆಲಸ.

ಕಟ್ಟೆ ಕಟ್ಟಿ ಎಣ್ಣೆ ತುಂಬಿಸಿ ಬಂದಾಯಿತು. ಗಣ ಮಾವನ ಕೈಲೇ ಇದೆ, ರಾತ್ರಿ ಏನು ಮಾಡುತ್ತಾನೋ. ಟಾರ್ಚ್ ಬಿಟ್ಟು ನೋಡಿದಾಗ ಮೂಕಿಯ ಕಣ್ಣೂ ಸರಿಯಿಲ್ಲ, ತೂತು ದುಂಡಗಿಲ್ಲ, ಮೊಟ್ಟೆಯಾಗಿದೆ. ಬುಷ್ ಹಾಕಿಸುವುದೋ, ಕಣ್ಣನ್ನೇ ಕತ್ತರಿಸಿ ಹೊಸದು ಕೂರಿಸುವುದೋ. ಕೂರಿಸುವುದಾದರೆ ಶುಕ್ರವಾರದೊಳಗೆ ವೆಲ್ಡಿಂಗಿನವನು ಸಿಗಬೇಕು, ಈ ವಾರ ಅವನು ಯಾರ ಫೋನೂ ಎತ್ತುತ್ತಿಲ್ಲ.