ಲಂಟಾನದ ಜಾಡು ಹಿಡಿದು: ಬಿಳಿಗಿರಿಯಿಂದ ಮಾದಪ್ಪನ ಬೆಟ್ಟಕ್ಕೆ

ಯಳಂದೂರು ದಾಟಿ ಅರಣ್ಯ ಇಲಾಖೆಯ ಗೇಟು ಹಾದ ಮೇಲೆ ಬಸ್ಸಿನ ಕಿಟಕಿಯಾಚೆ ಹಸಿರಿಗೇನೂ ಕೊರತೆಯಿಲ್ಲ. ಮುಂದಿನ ಸೀಟಿನ ಕುಟುಂಬವೊಂದು ‘ಎಂಥ ದಟ್ಟ ಕಾಡು’ ಎನ್ನುತ್ತ ಫೋಟೊ ತೆಗೆಯುತ್ತಿತ್ತು. ಆ ಫೋಟೊಗಳಲ್ಲಿ ಬಹುಪಾಲು ತುಂಬಿದ್ದು ಲಂಟಾನ. ಹಳದಿ, ಕೇಸರಿ, ಗುಲಾಬಿ ಹೂಗೊಂಚಲು. ಮೈಗೆ ತಾಗಿದರೆ ಗೀರು. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಉಳಿದ ಕೆಲಸವನ್ನು ಗಿಡವೇ ನೋಡಿಕೊಂಡಿತು.

ಬಿಳಿಗಿರಿರಂಗನ ಬೆಟ್ಟಕ್ಕೆ ನಾನು ಹೊರಟದ್ದು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯೊಂದರ ಕೆಲಸ ನೆಲದ ಮೇಲೆ ಹೇಗೆ ಕಾಣುತ್ತದೆಂದು ನೋಡಲು. 1996ರಲ್ಲಿ ಸಸ್ಯವಿಜ್ಞಾನಿ ಕಮಲ್‌ಜಿತ್ ಬಾವಾ ಕಟ್ಟಿದ ಅಶೋಕ ಟ್ರಸ್ಟ್, ಅಂದರೆ ಎಲ್ಲರೂ ಏಟ್ರೀ ಎನ್ನುವ ಸಂಸ್ಥೆ, ಮೊದಲಿನಿಂದಲೂ ಈ ಬೆಟ್ಟಗಳಿಗೆ ಅಂಟಿಕೊಂಡೇ ಬೆಳೆದಿದೆ. ಕಾಡೂ ಜನರೂ ಒಟ್ಟಿಗೆ ಬಾಳುವ ‘ಸುಸ್ಥಿರ ಸಮಾಜ’ ಎಂಬ ಮಾತು ವಿಚಾರಗೋಷ್ಠಿಗಳಲ್ಲಿ ಸವೆದು ಹೋಗಿದೆ. ಇಲ್ಲಿ ಅದಕ್ಕೆ ಇನ್ನೂ ಜೀವವಿದೆಯೇ ಎಂಬ ಕುತೂಹಲ ನನ್ನದು.

ದೇವಸ್ಥಾನಕ್ಕೂ ಹೋದೆ, ಬಿಡಿ. ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರ ಹುಡುಗಿ ಕುಸುಮಾಲೆಯನ್ನು ವರಿಸಿದ ರಂಗನಾಥ ಅವರಿಗೆಲ್ಲ ಭಾವ. ಭಾವನಿಗೆ ಕಾಡು ಸುತ್ತಲು ಚಪ್ಪಲಿ ಬೇಕು. ಭಕ್ತರು ಹೊಲಿದು ಒಪ್ಪಿಸುವ ಆ ಭಾರಿ ಚಪ್ಪಲಿಗಳನ್ನು ಕಂಡ ಮಕ್ಕಳು ಬೆರಗಾಗುತ್ತಾರೆ.

ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಹಿರಿಯರೊಬ್ಬರು ಕಾಡಂಚಿನವರೆಗೆ ಕರೆದುಕೊಂಡು ಹೋದರು. ತಲೆಯೆತ್ತರದ ಪೊದೆಯ ಗೋಡೆ ತೋರಿಸಿ, “ಮೊದಲು ಇಲ್ಲಿ ನಿಂತರೆ ಆ ಬಂಡೆ ಕಾಣುತ್ತಿತ್ತು ಸ್ವಾಮಿ. ಈಗ ಆನೆ ಹತ್ತಡಿಯಲ್ಲಿ ನಿಂತಿದ್ದರೂ ತಿಳಿಯುವುದಿಲ್ಲ” ಎಂದರು. ಅವರದು ಉತ್ಪ್ರೇಕ್ಷೆಯಲ್ಲ. ಏಟ್ರೀ ಸಂಶೋಧಕರು ಇಡೀ ಕಾಡನ್ನು ಚೌಕಗಳಾಗಿ ಹಂಚಿಕೊಂಡು, 134 ಕಡೆ ಗಿಡಮರ ಎಣಿಸಿದ್ದಾರೆ. 1997ರಲ್ಲಿ ಅವುಗಳಲ್ಲಿ ಶೇ 41ರಷ್ಟು ಕಡೆ ಲಂಟಾನವಿತ್ತು. 2008ರಲ್ಲಿ ಅದೇ ಜಾಗಗಳಿಗೆ ಮರಳಿ ಹೋಗಿ ಎಣಿಸಿದಾಗ ಶೇ 81.

ಏಕೆ ಹೀಗಾಯಿತು? ಅಜ್ಜನ ಬಳಿ ಉತ್ತರ ಸಿದ್ಧವಿತ್ತು: ತರಗು ಬೆಂಕಿ ನಿಂತದ್ದು. ಎಲೆ ಉದುರುವ ಹೊತ್ತಿಗೆ, ಬೇಸಿಗೆ ಬಲಿಯುವ ಮೊದಲೇ, ಸೋಲಿಗರು ನೆಲದ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಮೊಣಕಾಲೆತ್ತರಕ್ಕೂ ಏರದ ಆ ಬೆಂಕಿ ಲಂಟಾನದ ಸಸಿ, ಬೀಜಗಳನ್ನು ಸುಡುತ್ತಿತ್ತು. ನೆಲ್ಲಿಮರಕ್ಕೆ ಹತ್ತುವ, ಅವರು ಉಪ್ಪಿಲು ಎನ್ನುವ ಬದನಿಕೆಯೆಂಬ ಪರಾವಲಂಬಿ ಗಿಡವನ್ನೂ ಹದ್ದುಬಸ್ತಿನಲ್ಲಿಡುತ್ತಿತ್ತು. 1974ರಲ್ಲಿ ಇದು ವನ್ಯಜೀವಿ ಧಾಮವಾಯಿತು. ಜಾಗ ಬದಲಿಸುತ್ತ ಮಾಡುತ್ತಿದ್ದ ಕುಮರಿ ಬೇಸಾಯವೂ ಬೆಂಕಿಯೂ ನಿಷಿದ್ಧವಾದವು, ಜನ ಒಂದೆಡೆ ನೆಲೆ ನಿಲ್ಲಬೇಕಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಶೋಧಕರ ಉತ್ತರ ಬದಲಾದ ರೀತಿ. 2005ರಲ್ಲಿ ಏಟ್ರೀಯ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ ಇದಕ್ಕೆ ವಿರುದ್ಧವಾದ ಊಹೆಯನ್ನು ಮುಂದಿಟ್ಟಿದ್ದರು: ಕಾಡಿನ ಬೆಂಕಿ ಲಂಟಾನವನ್ನು ಹೆಚ್ಚಿಸುತ್ತದೆ, ಒಣಗಿದ ಲಂಟಾನ ಮತ್ತೆ ಬೆಂಕಿಯನ್ನು ಹೆಚ್ಚಿಸುತ್ತದೆ ಎಂದು. ಆಮೇಲೆ ಪೋಡುಗಳಲ್ಲಿ ಕುಳಿತು ಸೋಲಿಗರ ಮಾತು ಕೇಳಿದರು, ಕಾಡಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರು. 2012ರಲ್ಲಿ ಅದೇ ಸಂಶೋಧಕರು ತಮ್ಮ ಸಹೋದ್ಯೋಗಿಗಳೊಂದಿಗೆ ಸೋಲಿಗರ ತಿಳಿವಳಿಕೆಯನ್ನೇ ಆಧಾರವಾಗಿಟ್ಟು ಬರೆದರು. ತಮ್ಮದೇ ಊಹೆಯನ್ನು ಹೀಗೆ ಮತ್ತೆ ಪರೀಕ್ಷೆಗೆ ಒಡ್ಡುವುದು ನನ್ನ ದೃಷ್ಟಿಯಲ್ಲಿ ಆ ಅಂಕಿಗಳಿಗಿಂತ ದೊಡ್ಡ ಕೆಲಸ. ಹಾಗೆಂದು ನಾಳೆಯೇ ಕಡ್ಡಿ ಗೀರುವಂತಿಲ್ಲ. ಪೊದೆ ಮರದ ಕೊಂಬೆಯವರೆಗೆ ಹಬ್ಬಿರುವ ಕಾಡಿನಲ್ಲಿ ಬೆಂಕಿ ನೆಲದಲ್ಲೇ ಉಳಿಯುವುದಿಲ್ಲ, ನೆತ್ತಿಗೇರುತ್ತದೆ. ಅಜ್ಜನೂ ಅದನ್ನೇ ಹೇಳಿದರು.

ಬೆಟ್ಟದಲ್ಲಿ ಇನ್ನೊಂದು ಸಂಗತಿ ಕೇಳದೆ ಇಳಿಯಬಾರದು. 2006ರಲ್ಲಿ ಜೇನು, ನೆಲ್ಲಿ, ಮರದ ಪಾಚಿಯನ್ನು (ಕಲ್ಲುಹೂವನ್ನು) ಮಾರಾಟಕ್ಕಾಗಿ ಆಯುವುದು ನಿಂತು ಎಷ್ಟೋ ಮನೆಗಳ ಕೈಗಾಸು ನಿಂತಿತು. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಹೋರಾಟ ಸೋಲಿಗ ಸಂಘದ್ದು. ಏಟ್ರೀ ಮಾಡಿದ್ದು ಅವರ ಜತೆ ಕಾಡು ಸುತ್ತಿ, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಸೋಲಿಗರು ವಿಂಗಡಿಸುವ ನೂರಾರು ಪವಿತ್ರ ತಾಣಗಳನ್ನು ನಕ್ಷೆಗೆ ಇಳಿಸಿದ್ದು. ಇಲಾಖೆಯ ಭೂಪಟದಲ್ಲಿ ಬರೀ ವಲಯ, ಬೀಟುಗಳಾಗಿದ್ದ ಜಾಗಗಳಿಗೆ ಹೀಗೆ ಕುಲದ ಹೆಸರು ಬಂತು.

ಮರುದಿನ ಯಳಂದೂರಿಗೆ ಇಳಿದು, ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ತಾಳುಬೆಟ್ಟದ ತಿರುವುಗಳನ್ನು ಏರಿದೆ. ಮಾದಪ್ಪನ ಬೆಟ್ಟದ ಜನಜಂಗುಳಿ ಎಂದಿನಂತೆಯೇ ಇತ್ತು; ಅದರ ವರ್ಣನೆ ಬೇಡ.

ಇಲ್ಲಿನ ಸೋಲಿಗ ಕುಟುಂಬಗಳಲ್ಲಿ ಹಲವರದು ಬಿದಿರಿನ ಕಸುಬು. ಬಿದಿರು ಕೈಗೆ ಸಿಗದಂತಾದಾಗ ಲಂಟಾನದಲ್ಲಿ ಮೊರ, ಬುಟ್ಟಿ, ಕುರ್ಚಿ ಮಾಡಬಹುದೇ ಎಂದು ಏಟ್ರೀ ಕೇಳಿತು. 2004ರ ಸುಮಾರಿಗೆ ತರಬೇತಿ ಶುರುವಾಯಿತು. ಕೆಲಸ ನೋಡಲು ಕುಳಿತೆ. ಹೆಬ್ಬೆರಳು ಗಾತ್ರದ ನೇರ ಕಡ್ಡಿಗಳನ್ನು ಆರಿಸಿ ಹೊರೆ ಕಟ್ಟಿ ತರುತ್ತಾರೆ. ಉದ್ದನೆಯ ತೊಟ್ಟಿಯಲ್ಲಿ ನೀರು ಕಾಯಿಸಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬೆಂದ ಕಡ್ಡಿಯ ಸಿಪ್ಪೆ ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಸುಲಭವಾಗಿ ಬಿಡುತ್ತದೆ. ಬಿಸಿಯಿರುವಾಗಲೇ ಬಾಗಿಸಬೇಕು; ಆರಿತೋ, ಮಾತು ಕೇಳುವುದಿಲ್ಲ. ಕುರ್ಚಿಯ ಬೆನ್ನು ಹೆಣೆಯುತ್ತಿದ್ದ ಹೆಂಗಸು ಒಂದು ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, “ಬಗ್ಗಿಸಿ ನೋಡಿ ಸ್ವಾಮಿ” ಎಂದರು. ನನ್ನ ಕೈಯಲ್ಲಿ ಅದು ಬಾಗಲೇ ಇಲ್ಲ. ಗೆದ್ದಲು ಇದರ ತಂಟೆಗೆ ಬರುವುದಿಲ್ಲವೆಂಬುದು ಅವರ ಹೆಮ್ಮೆ.

“ಇದರಿಂದ ಕಾಡಿನ ಲಂಟಾನ ಖಾಲಿಯಾಗುತ್ತದೆಯೇ ಅಮ್ಮ?” ಎಂದೆ. ಅವರು ನಕ್ಕರು. “ಬುಡ ಅಲ್ಲೇ ಇರುತ್ತದಲ್ಲ, ಮಳೆ ಬಂದರೆ ಮತ್ತೆ ಚಿಗುರುತ್ತದೆ. ನಮಗೆ ಕಡ್ಡಿ ತೀರುವುದಿಲ್ಲ.”

ಲಂಟಾನದ ಪೀಠೋಪಕರಣದಿಂದ ಕಾಡು ಉಳಿಯಿತೆಂದು ಬರೆಯುವ ಉತ್ಸಾಹಿಗಳು ಈ ಮಾತನ್ನು ಕೇಳಬೇಕು. ಕಾಡಿನಿಂದ ಲಂಟಾನ ತೆರವಾಗಬೇಕಾದರೆ ಬುಡವನ್ನೇ ಕತ್ತರಿಸಬೇಕು, ವರ್ಷ ವರ್ಷವೂ ಸಸಿ ಕೀಳಬೇಕು, ಆ ಜಾಗದಲ್ಲಿ ಹುಲ್ಲು ಏಳುವಂತೆ ನೋಡಿಕೊಳ್ಳಬೇಕು. ಅದು ಕಾಡಿನ ಮೇಲೆ ಅಧಿಕಾರವಿರುವವರ ಕೆಲಸ, ಕುರ್ಚಿ ಹೆಣೆಯುವವರದ್ದಲ್ಲ. ಕುರ್ಚಿಯ ಲಾಭ ಬೇರೆ: ಕೂಲಿ ಹುಡುಕಿ ದೂರದ ಊರಿಗೆ ಹೋಗದೆ ಮನೆಯ ಹತ್ತಿರವೇ ದುಡಿಮೆ. ಅಷ್ಟು ಸಾಲದೇ? ನನಗಂತೂ ಸಾಲುತ್ತದೆ.

ಒಂದು ಸ್ಟೂಲು ಕೊಂಡೆ. ವಾಪಸು ಬಸ್ಸಿನಲ್ಲಿ ಅದಕ್ಕೂ ಟಿಕೆಟ್ ಆಯಿತು. ಕೌದಳ್ಳಿಯಲ್ಲಿ ಹತ್ತಿದ ರೈತರೊಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೆತ್ತವೇ ಎಂದು ಕೇಳಿದರು. ಲಂಟಾನ ಎಂದೆ. ಎಷ್ಟು ಕೊಟ್ಟಿರಿ ಎಂದರು. ಬೆಲೆ ಹೇಳಿದೆ.

“ಅಯ್ಯೋ, ನಮ್ಮ ಹೊಲದ ಬೇಲಿಯ ತುಂಬ ಅದೇ ಇದೆಯಲ್ಲ ಸ್ವಾಮಿ. ಬಂದು ಎಷ್ಟು ಬೇಕಾದರೂ ಕಡಿದುಕೊಂಡು ಹೋಗಿ, ಊಟವನ್ನೂ ನಾನೇ ಹಾಕುತ್ತೇನೆ” ಎಂದು ಹೊಲಕ್ಕೆ ಬರುವ ದಾರಿಯನ್ನೂ ಹೇಳಿದರು.