ಕೋಶವಿಲ್ಲದ ಗುಳಿ

ಬಳ್ಳಾರಿಯ ಬೇಸಿಗೆ ಎಂಥದ್ದು ಅಂತ ಈ ಪತ್ರಿಕೆ ಓದುವವರಿಗೆ ಹೇಳಬೇಕಿಲ್ಲ. ಆದರೆ ನಮ್ಮ ಲ್ಯಾಬಿನ ಇನ್ಕ್ಯುಬೇಟರ್ ಪಾಡು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಕ್ಯಾನ್ಸರ್ ಕೋಶಗಳನ್ನು ಬೆಳೆಸುವ ಆ ಪೆಟ್ಟಿಗೆಯೊಳಗೆ ಸದಾ 37 ಡಿಗ್ರಿ ಇರಬೇಕು. ಅದಕ್ಕೆ ಬಿಸಿ ಮಾಡುವುದು ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ಕರೆಂಟು ಹೋದರೆ ಅದು ಯುಪಿಎಸ್ ಮೇಲೆ ಓಡುತ್ತಿತ್ತು. ಎ.ಸಿ. ಓಡುತ್ತಿರಲಿಲ್ಲ. ಏಪ್ರಿಲ್ ಮಧ್ಯಾಹ್ನ ಕೋಣೆ ಕಾದರೆ ಪೆಟ್ಟಿಗೆಯೂ ಕಾಯುತ್ತಿತ್ತು. ‘ನಿಮ್ಮ ಪ್ಲಾನಿನಾಗ ಮೊದಲು ಕರೆಂಟಿನ ಟೈಮ್ ಬರೀರಿ, ಆಮೇಲೆ ಕ್ಯಾನ್ಸರು’ ಅನ್ನುತ್ತಿದ್ದರು ಮೇಡಂ.

ಮೇಡಂ ಹೆಸರು ಬರೆಯುವುದು ಬೇಡ, ಅವರಿಗೆ ಇಷ್ಟವಾಗಲ್ಲ. ಪಿಎಚ್‌ಡಿ ಮಾಡುವವರಿಗೆ ಕೋರ್ಸ್‌ವರ್ಕ್ ಇರಲೇಬೇಕು ಅಂತ ಯುಜಿಸಿ 2009ರಲ್ಲಿ ನಿಯಮ ತಂದಿತಲ್ಲ, ಆ ಕ್ಲಾಸು ಅವರದು. ಪ್ರತಿ ಶನಿವಾರ ಬೆಳಿಗ್ಗೆ. ನಾವು ಏಳು ಜನ. ಪರೀಕ್ಷೆ ಪಾಸಾದರೆ ಸಾಕು ಅಂದುಕೊಂಡು ಹೋಗಿ ಕೂತವರು.

ಮೊದಲ ದಿನವೇ ಒಬ್ಬೊಬ್ಬರನ್ನಾಗಿ ಎಬ್ಬಿಸಿ ವಿಷಯ ಕೇಳಿದರು. ‘ತಂಗಡಿ ಸೊಪ್ಪಿನಿಂದ ಕ್ಯಾನ್ಸರ್‌ಗೆ ಔಷಧಿ’ ಅಂದೆ ನಾನು, ಎದೆ ಉಬ್ಬಿಸಿ. ಯಾವ ಕ್ಯಾನ್ಸರು? ನೀರಿನಲ್ಲಿ ತೆಗೆದ ರಸವೋ, ಸ್ಪಿರಿಟ್ಟಿನಲ್ಲಿ ತೆಗೆದದ್ದೋ? ಎಷ್ಟು ಹಾಕುತ್ತಿ? ಆರೋಗ್ಯದ ಕೋಶಕ್ಕೂ ಹಾಕಿ ನೋಡುತ್ತೀಯೋ ಇಲ್ಲವೋ? ಒಂದಕ್ಕೂ ಉತ್ತರವಿರಲಿಲ್ಲ. ‘ಬ್ಲೀಚಿಂಗ್ ಪೌಡರ್ ಹಾಕಿದ್ರೂ ಕ್ಯಾನ್ಸರ್ ಕೋಶ ಸಾಯ್ತಾವಲ್ಲಪ್ಪ. ನಿನ್ನ ಸೊಪ್ಪಿನ ಹೆಚ್ಚುಗಾರಿಕೆ ಏನು?’

ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಅನ್ನುವ ಕ್ಯಾನ್ಸರ್ ಔಷಧಿ ಬಂದಿಲ್ಲವಾ ಅಂತ ವಾದಿಸಿದೆ. ಆಗ ಕುರ್ಚಿ ಎಳೆದುಕೊಂಡು ಕೂತು ಅದರ ಕಥೆ ಹೇಳಿದರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಆ ಗಿಡದ ಮೇಲೆ ಕೆಲಸ ಮಾಡಿದರು. ಜಮೈಕಾದಲ್ಲಿ ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರಂತೆ. ಇಲಿಗೆ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಕುಸಿದವು. ಆ ಜಾಡು ಹಿಡಿದು ಹೋಗಿ ವಿನ್‌ಬ್ಲಾಸ್ಟಿನ್ ಅನ್ನುವ ಕ್ಯಾನ್ಸರ್ ಔಷಧಿ ತೆಗೆದರು. ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಆಮೇಲೆ ಬಂತು. ‘ಅವರು ರಕ್ತಕಣ ಎಣಿಸದಿದ್ರೆ? ಸಕ್ಕರೆ ಇಳಿಯಲಿಲ್ಲ ಅಂತ ಒಂದು ಸಾಲು ಬರೆದು ಮನೆಗೆ ಹೋಗ್ತಿದ್ರು.’

ಅವರದು ಒಂದೇ ಹಟ. ಕೆಲಸ ಶುರುವಾಗುವ ಮೊದಲು ಒಂದು ಹಾಳೆ ಬರೆಯಬೇಕು. ತಲೆಬರಹ: ‘ಏನು ಕಂಡರೆ ನನ್ನ ಊಹೆ ತಪ್ಪು?’ ನನ್ನ ಹಾಳೆ ಎರಡು ವಾರ ಖಾಲಿ ಇತ್ತು. ಆಗ ಬೀಡಿ ಸಿಗರೇಟಿನ ಉದಾಹರಣೆ ಕೊಟ್ಟರು. 1950ರಲ್ಲಿ ಲಂಡನ್ನಿನ ಡಾಲ್ ಮತ್ತು ಹಿಲ್ ಶ್ವಾಸಕೋಶದ ಕ್ಯಾನ್ಸರಿನ 709 ರೋಗಿಗಳನ್ನೂ ಬೇರೆ ಕಾಯಿಲೆಯ 709 ಜನರನ್ನೂ ಸಿಗರೇಟಿನ ಲೆಕ್ಕ ಕೇಳಿ ಹೋಲಿಸಿದರು. ಕ್ಯಾನ್ಸರಿನವರು ಸೇದಿದ್ದು ಜಾಸ್ತಿ ಅಂತ ಕಂಡಿತು. ಕ್ಯಾನ್ಸರ್ ರೋಗಿ ಅಂತ ಗೊತ್ತಿದ್ದರೆ ಪ್ರಶ್ನೆ ಕೇಳುವವರು ಕೆದಕಿ ಕೆದಕಿ ಕೇಳಿರಬಹುದು ಅಲ್ವಾ? ಅದಕ್ಕೂ ಡಾಲ್ ಮತ್ತು ಹಿಲ್ ಹತ್ತಿರ ಉತ್ತರವಿತ್ತು. ಕ್ಯಾನ್ಸರ್ ಅಂತ ತಿಳಿದು ಮಾತಾಡಿಸಿದ ಕೆಲವರಿಗೆ ಆಮೇಲೆ ಆ ಕಾಯಿಲೆಯೇ ಇಲ್ಲ ಅಂತ ತಿಳಿಯಿತು. ಅವರ ಸಿಗರೇಟಿನ ಲೆಕ್ಕ ಬೇರೆ ಕಾಯಿಲೆಯವರ ಲೆಕ್ಕದ ಹಾಗೇ ಇತ್ತು. ಈ ಭಾಗ ಹೇಳುವಾಗ ಮೇಡಂ ಮುಖ ಅರಳುತ್ತಿತ್ತು.

ನನಗೆ ಇದೆಲ್ಲ ಅರ್ಥವಾಯಿತು ಅಂತ ತಿಳಿದಿದ್ದೆ.

ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಹೀಲಾ ಅನ್ನುವ ಕ್ಯಾನ್ಸರ್ ಕೋಶಗಳು ಬಂದವು. ತೊಂಬತ್ತಾರು ಗುಳಿಯ ಪ್ಲೇಟು ನೋಡಿದವರಿಗೆ ಗೊತ್ತು, ಪುಟ್ಟ ಪಡ್ಡಿನ ಹಂಚು ಅದು. ಗುಳಿಗೊಂದಿಷ್ಟು ಕೋಶ, ಮೇಲೆ ಸೊಪ್ಪಿನ ರಸ, ಕೊನೆಗೆ ಎಂಟಿಟಿ ಅನ್ನುವ ಹಳದಿ ಬಣ್ಣ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಕಡಿಮೆಯಾದಷ್ಟೂ ಸತ್ತವು ಜಾಸ್ತಿ ಅಂತ ಲೆಕ್ಕ. ನನ್ನ ಪ್ಲೇಟಿನಲ್ಲಿ ವಿಚಿತ್ರ ಕಂಡಿತು. ರಸ ಸ್ವಲ್ಪ ಹಾಕಿದ ಕಡೆ ಬಣ್ಣ ಮಾಸಿತು, ಜಾಸ್ತಿ ಹಾಕಿದ ಕಡೆ ಮತ್ತೆ ಕಡುನೇರಳೆ. ಕಡಿಮೆ ಕೊಟ್ಟರೆ ಕೊಲ್ಲುತ್ತೆ, ಹೆಚ್ಚು ಕೊಟ್ಟರೆ ಕಾಯುತ್ತೆ! ನಾಲ್ಕು ತಿಂಗಳು ಅದನ್ನೇ ಮಾಡಿದೆ, ಹನ್ನೆರಡು ಸ್ಲೈಡು ತಯಾರಿಸಿದೆ. ಊರಲ್ಲಿ ಅಪ್ಪನಿಗೂ ಫೋನ್ ಮಾಡಿ ಹೇಳಿದ್ದೆ.

ಮೇಡಂ ಮೂರನೇ ಸ್ಲೈಡಿಗೇ ನಿಲ್ಲಿಸಿದರು. ‘ಕೋಶ ಇಲ್ಲದ ಗುಳಿಗೆ ಬರೀ ಸೊಪ್ಪಿನ ರಸ ಹಾಕಿ ನೋಡಿದ್ಯೇನು?’

ನೋಡಿರಲಿಲ್ಲ. ಅವತ್ತು ಸಂಜೆಯೇ ಆರು ಗುಳಿಗೆ ರಸ ಹಾಕಿ ಹಳದಿ ಬಣ್ಣ ಬಿಟ್ಟೆ. ಸ್ಟೂಲಿನ ಮೇಲೆ ಕಾದು ಕೂತೆ. ಕತ್ತಲಾಗುವ ಹೊತ್ತಿಗೆ ಆರೂ ಗುಳಿ ನೇರಳೆ ಹಣ್ಣು ತಿಂದ ನಾಲಿಗೆಯ ಹಾಗಾಗಿದ್ದವು. ಒಳಗೆ ಒಂದೂ ಕೋಶವಿಲ್ಲ. ತಂಗಡಿಯ ಒಗರು ಅಂದರೆ ಚರ್ಮ ಹದ ಮಾಡುವಂಥದ್ದು. ಅದು ಕೋಶದ ಹಂಗಿಲ್ಲದೆ ತಾನೇ ಬಣ್ಣ ತಿರುಗಿಸಿತ್ತು.

ಮತ್ತೆ ಮೊದಲಿನಿಂದ. ರಸವನ್ನು ತೊಳೆದು ತೆಗೆದ ಮೇಲೆ ಬಣ್ಣ ಹಾಕುವುದು. ಜೊತೆಗೆ ಟ್ರಿಪಾನ್ ಬ್ಲೂ ಹಾಕಿ ಮೈಕ್ರೋಸ್ಕೋಪಿನಲ್ಲಿ ಕೈಯಾರೆ ಎಣಿಸುವುದು. ನೀಲಿಯಾದದ್ದು ಸತ್ತದ್ದು. ಕತ್ತು ಹಿಡಿದುಕೊಳ್ಳುತ್ತಿತ್ತು.

ಗೆಳೆಯನೊಬ್ಬನದು ಗುಟ್ಕಾ ತಿನ್ನುವವರ ಬಾಯಿ ಕ್ಯಾನ್ಸರಿನ ಕೆಲಸ. ಅವನು ಬರೆದ ಒಪ್ಪಿಗೆ ಪತ್ರವನ್ನು ಮೇಡಂ ನಮ್ಮ ಕ್ಯಾಂಟೀನ್ ಅಕ್ಕನಿಗೆ ಓದಿಸಿದರು. ‘ಅಂಗಾಂಶ ಅಂದ್ರ ಏನ್ರೀ?’ ಅಂದಳು ಅಕ್ಕ. ‘ಗಾಯದ ಜಾಗದ ಒಂದು ಚೂರು’ ಅಂತ ತಿದ್ದಿಸಿದರು. ‘ಇದರಿಂದ ನಿಮಗೆ ನೇರವಾಗಿ ಲಾಭವಿಲ್ಲ’ ಅನ್ನುವ ಸಾಲನ್ನು ಕೊನೆಯಿಂದ ಮೇಲಕ್ಕೆ ತರಿಸಿದರು. ನನ್ನ ಕಡೆ ತಿರುಗಿ, ‘ನಿನ್ನ ಹೀಲಾ ಯಾರವು ಗೊತ್ತಲ್ಲ?’ ಅಂದರು. ಗೊತ್ತಿತ್ತು. 1951ರಲ್ಲಿ ಬಾಲ್ಟಿಮೋರಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರವು. ಸಂಶೋಧನೆಗೆ ತೆಗೆದುಕೊಳ್ಳುತ್ತೇವೆ ಅಂತ ಯಾರೂ ಅವರನ್ನು ಕೇಳಿರಲಿಲ್ಲ. ಅವತ್ತಿನಿಂದ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಹೆಸರು ಬರೆದಿಟ್ಟುಕೊಂಡೆ.

ಪ್ರಬಂಧ ಬರೆಯುವಾಗ ಆ ನಾಲ್ಕು ತಿಂಗಳನ್ನು ಬಿಟ್ಟುಬಿಡೋಣ ಅಂತ ಕೇಳಿಕೊಂಡೆ. ಒಪ್ಪಲಿಲ್ಲ. ಆರು ಗುಳಿಯ ಫೋಟೋ, ಇನ್ಕ್ಯುಬೇಟರ್ 39 ತೋರಿಸಿದ ದಿನಗಳ ಪಟ್ಟಿ, ಎಲ್ಲ ಅನುಬಂಧಕ್ಕೆ ಹೋಯಿತು. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುಗಿಸುತ್ತಾ ಸೀದಾ ಅಲ್ಲಿಗೇ ಬಂದು ನಿಂತರು. ನನ್ನ ಕೈ ಬೆವರುತ್ತಿತ್ತು. ಅವರು ಕನ್ನಡಕ ಮೇಲಕ್ಕೇರಿಸಿ ಕೇಳಿದ ಮೊದಲ ಪ್ರಶ್ನೆ, ‘ಅವತ್ತು ಕರೆಂಟು ಎಷ್ಟು ಹೊತ್ತು ಹೋಗಿತ್ತು?’

ಹಿಂದಿನ ಸಾಲಿನಲ್ಲಿ ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.